‘ಸತ್ತ ನೆಲ’ ಅನ್ನಬೇಡಿ ದೊಡ್ಡಪ್ಪ

ದೊಡ್ಡಪ್ಪ: (ಫಾರ್ವರ್ಡ್ ವಿಡಿಯೊ) ಮರುಭೂಮಿ ಅಂದ್ರೆ ಸತ್ತ ನೆಲ. ಅಲ್ಲೆಲ್ಲ ಕೋಟಿಗಟ್ಟಲೆ ಮರ ನೆಟ್ಟರೆ ಭೂಮಿ ತಂಪಾಗುತ್ತೆ. ಎಲ್ಲರೂ ಹಂಚಿ 🙏

ಶೈಲಜತ್ತೆ: ಒಳ್ಳೇ ಕೆಲಸ 👏👏

ಮೇಘಾ: ದೊಡ್ಡಪ್ಪ, ದಯವಿಟ್ಟು ಇದನ್ನ ಮುಂದೆ ಕಳಿಸ್ಬೇಡಿ. ‘ಸತ್ತ ನೆಲ’ ಅನ್ನೋದೇ ಸುಳ್ಳು. ದಕ್ಷಿಣ ಆಫ್ರಿಕಾ, ನಮೀಬಿಯಾ ಕಡೆಯ ಸಕ್ಯುಲೆಂಟ್ ಕರೂ ಅನ್ನೋ ಒಣನಾಡಲ್ಲಿ 6,000ಕ್ಕೂ ಹೆಚ್ಚು ಜಾತಿ ಸಸ್ಯ ಇವೆ. ಸುಮಾರು ಶೇ 40 ಬೇರೆಲ್ಲೂ ಇಲ್ಲ.

ದೊಡ್ಡಪ್ಪ: ವಿಡಿಯೊದಲ್ಲಿ ಮರಳು ಬಿಟ್ರೆ ಏನೂ ಕಾಣಲ್ವಲ್ಲಮ್ಮ?

ಮೇಘಾ: ಬೀಜ ಮಣ್ಣೊಳಗೆ ಕಾಯ್ತಾ ಇರುತ್ತೆ ದೊಡ್ಡಪ್ಪ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ವರ್ಷಗಟ್ಟಲೆ ಬರೀ ಮಣ್ಣು. ಎಲ್ ನಿನೊ ಮಳೆ ಬಂದ್ರೆ ಕೆಲವೇ ವಾರದಲ್ಲಿ ನೆಲದ ತುಂಬ ಹೂವು. ನಮೀಬ್ ಮರುಭೂಮಿಯ ವೆಲ್ವಿಚಿಯಾ ಅನ್ನೋ ಗಿಡಕ್ಕೆ ಮೊಳಕೆಯ ಎಲೆಗಳನ್ನ ಲೆಕ್ಕಕ್ಕೆ ತಗೊಳ್ಳದಿದ್ರೆ ಜೀವಮಾನಕ್ಕೆ ಎರಡೇ ಎಲೆ. ಬುಡದಲ್ಲಿ ಬೆಳೀತಾ, ತುದೀಲಿ ಹರೀತಾ ಸಾವಿರ ವರ್ಷ ದಾಟೋ ಗಿಡಗಳಿವೆ. ಅದನ್ನ ಸತ್ತದ್ದು ಅಂದ್ರೆ ನಂಗೆ ಸಂಕಟ ಆಗುತ್ತೆ.

ರಘು ಚಿಕ್ಕಪ್ಪ: ಸರಿ ಮೇಘಾ. ಆದ್ರೆ ಮರಳು ಹಾರಿ ಬಂದು ಹೊಲ ಮುಚ್ಚುತ್ತಲ್ಲ, ಅಲ್ಲಿನ ಜನ ಏನ್ ಮಾಡ್ಬೇಕು?

ಮೇಘಾ: ತಡೀಲೇಬೇಕು ಚಿಕ್ಕಪ್ಪ. ಯಾವ ಗಿಡದಿಂದ ಅನ್ನೋದೇ ಪ್ರಶ್ನೆ. 1930ರ ದಶಕದಲ್ಲಿ ಜೋಧಪುರದ ಅರಸರು ಬಳ್ಳಾರಿ ಜಾಲಿ ಬೀಜನ ವಿಮಾನದಿಂದ ಬಿತ್ತಿಸಿದ್ರು. ಅಮೆರಿಕ ಖಂಡದ ಗಿಡ. ಅದು ದಟ್ಟವಾಗಿ ಹಬ್ಬಿದ ಕಡೆ ಈಗ ಹುಲ್ಲು ಏಳೋದೇ ಕಷ್ಟ. ಥಾರ್‌ನದೇ ಆದ ಸೇವಣ್ ಹುಲ್ಲಾದ್ರೆ ಬೇರಿಂದ ಮರಳು ಹಿಡಿದಿಡುತ್ತೆ, ದನಕ್ಕೆ ಮೇವೂ ಆಗುತ್ತೆ. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಬದುಕೋದೂ ಅಂಥ ಬಯಲಲ್ಲೇ. ಅಲ್ಲಿ ಕಾಡು ಬೆಳೆಸಿದ್ರೆ ಅದಕ್ಕೆ ಜಾಗ ಎಲ್ಲಿ?

ದೊಡ್ಡಪ್ಪ: ಮರವೇ ಬೇಡ ಅಂತೀಯ? 1730ರಲ್ಲಿ ರಾಜಸ್ಥಾನದಲ್ಲಿ ಖೇಜರಿ ಮರ ಕಡಿಯೋದನ್ನ ತಡೆಯೋಕೆ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ರಲ್ಲ, ಅದೂ ಮರಳುಗಾಡೇ.

ಮೇಘಾ: ನಾನು ಹೇಳ್ತಿರೋದೂ ಅದೇ! ಖೇಜರಿ ಅಂದ್ರೆ ಬನ್ನಿ ಮರ. ಆ ನೆಲದ್ದೇ ಮರ, ಬೇರು ಬಹಳ ಆಳಕ್ಕೆ ಇಳಿಯುತ್ತೆ. ಅದರ ಕೆಳಗೆ ಸಜ್ಜೆ ಚೆನ್ನಾಗಿ ಬರುತ್ತೆ ಅಂತ ರೈತರು ಹೊಲದ ನಡುವೆಯೇ ಉಳಿಸ್ಕೋತಾರೆ. ಬಿಷ್ಣೋಯಿಗಳು ಪ್ರಾಣ ಕೊಟ್ಟಿದ್ದು ಅಲ್ಲಿ ಇದ್ದ ಮರಕ್ಕೆ. ಸತ್ತ ನೆಲ ಅಂದ್ಕೊಂಡಿದ್ರೆ ಕೊಡ್ತಿದ್ರಾ?

ಶೈಲಜತ್ತೆ: ಬನ್ನಿ ಮರ ಅಲ್ಲೂ ಇದೆಯಾ! ಗೊತ್ತೇ ಇರ್ಲಿಲ್ಲ ಕಣೇ.

ದೊಡ್ಡಪ್ಪ: ‘ಸತ್ತ ನೆಲ’ ಅನ್ನೋ ಮಾತು ವಾಪಸ್ ತಗೋತೀನಿ. ಭೂಮಿ ತಂಪಾಗೋ ವಿಷಯ ಮಾತ್ರ ಬಿಡಲ್ಲ.

ಮೇಘಾ: ಬಿಡ್ಬೇಡಿ. ತಿಳಿ ಬಣ್ಣದ ಮರಳು ಬಿಸಿಲನ್ನ ಆಕಾಶಕ್ಕೇ ವಾಪಸ್ ಕಳಿಸುತ್ತೆ, ದಟ್ಟ ಎಲೆ ಅದನ್ನ ಹೀರ್ಕೊಳ್ಳುತ್ತೆ. ಹಾಗಾಗಿ ಮರಳಲ್ಲಿ ಮರ ನೆಟ್ಟ ಮಾತ್ರಕ್ಕೆ ತಂಪಾಗುತ್ತೆ ಅನ್ನೋಕಾಗಲ್ಲ. ಅಲ್ಲಿಂದ ಶುರು ಮಾಡೋಣ, ರಾತ್ರಿ ಫೋನ್ ಮಾಡ್ತೀನಿ.