ಪದಚರ್ಚೆ: ಕಂಪೈಲರಿನ ಮಾತಿನಲ್ಲಿ ‘ಕಾರ್ಯಕ್ಷಮತೆ’ ಎಂದರೆ ಯಾವುದರ ಕ್ಷಮತೆ?

ಮಾನ್ಯರೇ,

ಗೂಗಲ್ ಸಂಸ್ಥೆಯಲ್ಲಿ ರೂಪುಗೊಂಡು 2009ರಲ್ಲಿ ಹೊರಬಂದ ಗೋ ಪ್ರೋಗ್ರಾಮಿಂಗ್ ಭಾಷೆಯು ಆವೃತ್ತಿಯಿಂದ ಆವೃತ್ತಿಗೆ ಸುಧಾರಿಸಿದ ಬಗೆಯನ್ನು ಕನ್ನಡದಲ್ಲಿ ವಿವರಿಸುವ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. (‘ಗೋ’ ಎಂದಷ್ಟೇ ಬರೆದರೆ ಹಸು ನೆನಪಾಗುವುದರಿಂದ ‘ಗೋ ಭಾಷೆ’ ಎಂದೇ ಬರೆಯುತ್ತೇನೆ.) ‘ಪರ್ಫಾರ್ಮೆನ್ಸ್’ ಎಂಬುದಕ್ಕೆ ನಮ್ಮಲ್ಲಿ ‘ಕಾರ್ಯಕ್ಷಮತೆ’ ರೂಢಿಯಾಗಿದೆ. ಆದರೆ ಕಂಪೈಲರಿನ (ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶದ) ವಿಷಯದಲ್ಲಿ ಈ ಒಂದೇ ಪದವನ್ನು ನೆಚ್ಚಿಕೊಂಡರೆ, ಪರಸ್ಪರ ವಿರುದ್ಧ ದಿಕ್ಕಿಗೆ ಸಾಗುವ ಸಂಗತಿಗಳು ಒಂದೇ ಹೆಸರಿನಡಿ ಬಂದು ಓದುಗರಿಗೆ ಗೊಂದಲವಾಗುತ್ತದೆ ಎಂಬುದು ನನ್ನ ಸಂದೇಹ.

2015ರ ಆಗಸ್ಟಿನಲ್ಲಿ ಬಂದ 1.5ನೆಯ ಆವೃತ್ತಿಯನ್ನು ನೋಡಬಹುದು. ಅದುವರೆಗೆ ಸಿ ಭಾಷೆಯಲ್ಲಿದ್ದ ಕಂಪೈಲರನ್ನು ಆಗ ಗೋ ಭಾಷೆಗೇ ತರಲಾಯಿತು. ಆ ಪರಿವರ್ತನೆಯ ಬಹುಭಾಗ ತಾನೇತಾನಾಗಿ ನಡೆದುದರಿಂದ ಹೊಸ ಕಂಪೈಲರು ಗೋ ಭಾಷೆಯ ಜಾಯಮಾನಕ್ಕೆ ಇನ್ನೂ ಒಗ್ಗಿರಲಿಲ್ಲ, ಪ್ರೋಗ್ರಾಮುಗಳನ್ನು ಕಂಪೈಲ್ ಮಾಡಲು ಮೊದಲಿಗಿಂತ ಸುಮಾರು ಎರಡು ಪಟ್ಟು ಸಮಯ ಹಿಡಿಯತೊಡಗಿತು. ಅದೇ ಆವೃತ್ತಿಯಲ್ಲಿ, ಬಳಸಿಬಿಟ್ಟ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರಿನ ವಿನ್ಯಾಸವೂ ಬದಲಾಯಿತು. ತನ್ನ ಕೆಲಸದ ಬಹುಪಾಲನ್ನು ಪ್ರೋಗ್ರಾಮು ಓಡುತ್ತಿರುವಾಗಲೇ ಜೊತೆಜೊತೆಗೆ ಮಾಡಿ ಮುಗಿಸುವ ಈ ಕಲೆಕ್ಟರು, ಇಡೀ ಪ್ರೋಗ್ರಾಮನ್ನು ನಿಲ್ಲಿಸಬೇಕಾದ ಅವಧಿಯನ್ನು ಬಹುತೇಕ ಯಾವಾಗಲೂ 10 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಸಿತು. ಇದಕ್ಕೆ ಬೆಲೆಯೂ ಇತ್ತು: ಕಲೆಕ್ಟರು ಓಡುವ ಹೊತ್ತಿನಲ್ಲಿ ಪ್ರೊಸೆಸರಿನ ಸುಮಾರು ಕಾಲುಭಾಗ ಅದಕ್ಕೇ ಮೀಸಲು, ಅಷ್ಟರಮಟ್ಟಿಗೆ ಪ್ರೋಗ್ರಾಮಿನ ಸ್ವಂತ ಕೆಲಸಕ್ಕೆ ಕಡಿತ. ಹೀಗೆ ಕಂಪೈಲ್ ಆಗುವುದು ನಿಧಾನವಾಯಿತು, ಸ್ಥಗಿತದ ಅವಧಿ ಕುಗ್ಗಿತು, ಒಟ್ಟು ಕೆಲಸದ ಪ್ರಮಾಣದಲ್ಲಿ ಒಂದಿಷ್ಟನ್ನು ಬಿಟ್ಟುಕೊಡಲಾಯಿತು. ಇದನ್ನು ‘ಕಾರ್ಯಕ್ಷಮತೆ ಹೆಚ್ಚಿತು’ ಎಂದರೂ ಸುಳ್ಳಲ್ಲ, ‘ಕುಂದಿತು’ ಎಂದರೂ ಸುಳ್ಳಲ್ಲ.

ಎಲ್ಲ ಆವೃತ್ತಿಗಳೂ ಇಷ್ಟು ತೊಡಕಿನವಲ್ಲ. 2021ರ 1.17ನೆಯ ಆವೃತ್ತಿಯಲ್ಲಿ ಫಂಕ್ಷನ್ನುಗಳ ಆರ್ಗ್ಯುಮೆಂಟುಗಳನ್ನು (ಅವುಗಳಿಗೆ ಕೊಡುವ ಮೌಲ್ಯಗಳನ್ನು) ಮೆಮೊರಿಯ ಭಾಗವಾದ ಸ್ಟ್ಯಾಕಿನ ಬದಲು ಪ್ರೊಸೆಸರಿನೊಳಗಿನ ಪುಟ್ಟ, ಚುರುಕಾದ ಶೇಖರಣಾ ಸ್ಥಾನಗಳಾದ ರಿಜಿಸ್ಟರುಗಳಲ್ಲಿ ದಾಟಿಸುವ ಕ್ರಮ ಬಂದು, 64 ಬಿಟ್‌ನ ಎಕ್ಸ್86 ಪ್ರೊಸೆಸರುಗಳಲ್ಲಿ ಪ್ರೋಗ್ರಾಮುಗಳು ಸುಮಾರು ಶೇ 5ರಷ್ಟು ಚುರುಕಾದವು, ಸಿದ್ಧ ಫೈಲಿನ ಗಾತ್ರವೂ ಸುಮಾರು ಶೇ 2ರಷ್ಟು ತಗ್ಗಿತು. ಇಲ್ಲಿ ‘ವೇಗ’, ‘ಗಾತ್ರ’ ಎಂಬ ಮಾತುಗಳೇ ಸಾಕು. ‘ಕಾರ್ಯಕ್ಷಮತೆ’ ಬೇಕಾಗಿಯೇ ಇಲ್ಲ.

‘ದಕ್ಷತೆ’ಯನ್ನು ಕೆಲವರು ಸೂಚಿಸಬಹುದು. ಆದರೆ ಭೌತಶಾಸ್ತ್ರದ ಪಠ್ಯಗಳಲ್ಲಿ ಅದು ಯಂತ್ರಕ್ಕೆ ಊಡಿದ ಶಕ್ತಿಗೂ ಅದರಿಂದ ದೊರೆತ ಕೆಲಸಕ್ಕೂ ಇರುವ ಅನುಪಾತವೆಂಬ ಖಚಿತ ಅರ್ಥವನ್ನು ಪಡೆದಾಗಿದೆ, ಅದನ್ನು ಸಡಿಲಗೊಳಿಸಲು ನನಗೆ ಮನಸ್ಸಿಲ್ಲ. ‘ಲೇಟೆನ್ಸಿ’ಗೆ, ಅಂದರೆ ಕೇಳಿದ್ದಕ್ಕೆ ಉತ್ತರ ಬರುವವರೆಗಿನ ಕಾಯುವಿಕೆಗೆ, ‘ವಿಳಂಬ’ ಎನ್ನಬಹುದಾದರೂ ಆಡಳಿತದ ಕನ್ನಡದಲ್ಲಿ ಆ ಪದಕ್ಕೆ ಯಾರದೋ ಲೋಪದ ವಾಸನೆ ಅಂಟಿಕೊಂಡಿದೆ. ಸಂಗೀತದಲ್ಲಿ ಮಾತ್ರ ವಿಳಂಬ ಕಾಲವೆಂದರೆ ದೋಷವಲ್ಲ, ಒಂದು ಗತಿ. ‘ಥ್ರೂಪುಟ್’ (ಇಂತಿಷ್ಟು ಹೊತ್ತಿನಲ್ಲಿ ಮುಗಿಯುವ ಒಟ್ಟು ಕೆಲಸ) ಇನ್ನೂ ಕಷ್ಟ. ‘ಸಾಗು’ ಧಾತುವಿನಿಂದ ಪದ ಕಟ್ಟೋಣವೆಂದರೆ ‘ಸಾಗುವಳಿ’ ಹೊಲಕ್ಕೆ ಹೋಯಿತು, ‘ಸಾಗಣೆ’ ಲಾರಿಗೆ ಹೋಯಿತು. ಸದ್ಯಕ್ಕೆ ‘ಒಟ್ಟು ಕೆಲಸದ ಪ್ರಮಾಣ’ ಎಂದು ಬಿಡಿಸಿ ಬರೆದಿದ್ದೇನೆ. ಅರ್ಥ ಸ್ಪಷ್ಟವಾಗಿದೆ, ಆದರೆ ಒಂದೇ ಪುಟದಲ್ಲಿ ಮೇಲಿಂದ ಮೇಲೆ ಬಂದಾಗ ವಾಕ್ಯ ಭಾರವಾಗುತ್ತದೆ.

‘ಫೀಚರ್’ಗೆ ಬಳಕೆಯಲ್ಲಿರುವ ‘ವೈಶಿಷ್ಟ್ಯ’ದ ಬಗ್ಗೆಯೂ ಒಂದು ಮಾತು. ವಿಶಿಷ್ಟವೆಂದರೆ ಬೇರೆಡೆ ಸುಲಭವಾಗಿ ಕಾಣದ್ದು ಎಂದು ತಾನೆ? 2022ರ 1.18ನೆಯ ಆವೃತ್ತಿಯಲ್ಲಿ ಗೋ ಭಾಷೆಗೆ ಜೆನೆರಿಕ್ಸ್ (ಒಂದೇ ಕೋಡನ್ನು ಹಲವು ಬಗೆಯ ದತ್ತಾಂಶಗಳಿಗೆ ಬಳಸುವ ಅನುಕೂಲ) ಬಂದಾಗ ಜಾವಾ ಭಾಷೆಯಲ್ಲಿ ಅದು 2004ರಿಂದಲೇ ಇತ್ತು. ಆದ್ದರಿಂದ ಜೆನೆರಿಕ್ಸನ್ನು ‘ಹೊಸ ಸೌಲಭ್ಯ’ ಎಂದೂ, ಹಲವು ಕೆಲಸಗಳನ್ನು ಜೊತೆಜೊತೆಗೆ ನಡೆಸಲು ನೆರವಾಗುವ, ಭಾಷೆಯ ಸ್ವಂತ ಚಹರೆಯೇ ಆಗಿರುವ ಗೋರೂಟೀನನ್ನು ‘ವೈಶಿಷ್ಟ್ಯ’ ಎಂದೂ ಬೇರ್ಪಡಿಸಿದ್ದೇನೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ‘ಕಾರ್ಯಕ್ಷಮತೆ’ಯನ್ನು ಶೀರ್ಷಿಕೆಗಳಿಗಷ್ಟೇ ಮೀಸಲಿಟ್ಟು, ಒಳಗೆ ಓಟದ ವೇಗ, ಕಂಪೈಲಿನ ಅವಧಿ, ಸ್ಥಗಿತದ ಅವಧಿ ಎಂದು ಬಿಡಿಬಿಡಿಯಾಗಿ ಹೇಳುವುದನ್ನು ತಾವು ಒಪ್ಪುವಿರಾ? ಗಾರ್ಬೇಜ್ ಕಲೆಕ್ಟರು ಪ್ರೋಗ್ರಾಮನ್ನು ತಡೆದು ನಿಲ್ಲಿಸುವುದಕ್ಕೆ ‘ವಿರಾಮ’ ಎಂದರೆ ದಣಿವಾರಿಸಿಕೊಳ್ಳುವ ಧ್ವನಿ ಬರುವುದರಿಂದ ನಾನು ‘ಸ್ಥಗಿತ’ವನ್ನು ಆರಿಸಿದ್ದೇನೆ; ಮಿಲಿಸೆಕೆಂಡುಗಳ ತಡೆಗೆ ಆ ಪದ ತೀರಾ ಗಟ್ಟಿಯಾಯಿತೇ? ‘ಥ್ರೂಪುಟ್’ಗೆ, ಕೃಷಿ ಮತ್ತು ಸಾರಿಗೆಯವರು ಬಿಟ್ಟುಕೊಟ್ಟ ಯಾವುದಾದರೂ ಚಿಕ್ಕ ಪದ ತಮ್ಮ ಬಳಕೆಯಲ್ಲಿದ್ದರೆ ಪ್ರಯೋಗದ ಉದಾಹರಣೆಯೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.