ಕೆಲಸದ ತಪ್ಪು ತೋರಿಸಿದ ಮೇಸ್ತ್ರಿನ ಕಂಟ್ರಾಕ್ಟರ್ ಕೆಲಸದಿಂದ ಕಳಿಸ್ಬಿಟ್ರು, ನಾನೇನ್ ಮಾಡ್ಲಿ?

ತುಮಕೂರು_ಮನೆ:
ಎಲ್ರಿಗೂ ನಮಸ್ಕಾರ. ತುಮಕೂರಲ್ಲಿ ಥರ್ಟಿ ಫಾರ್ಟಿ ಸೈಟಲ್ಲಿ ಮನೆ ಕಟ್ಟಿಸ್ತಾ ಇದೀನಿ, ಪಿಲ್ಲರ್ ಮುಗಿದಿದೆ, ಮುಂದಿನ ವಾರ ಮೋಲ್ಡ್ (ಮೇಲಿನ ಕಾಂಕ್ರೀಟ್ ಚಾವಣಿ). ಮೊನ್ನೆ ಪಿಲ್ಲರ್ ಬಾಕ್ಸ್ (ಕಾಂಕ್ರೀಟ್ ಸುರಿಯೋ ಅಚ್ಚು) ಬಿಚ್ಚಿದಾಗ ಎರಡು ಪಿಲ್ಲರ್ ಬುಡದಲ್ಲಿ ಬರೀ ಜಲ್ಲಿ, ಒಳಗಿನ ಕಂಬಿನೂ ಕಾಣ್ತಿತ್ತಂತೆ, ನಾನು ಡ್ಯೂಟಿ ಮುಗಿಸಿ ಸಂಜೆ ಹೋಗೋಷ್ಟರಲ್ಲಿ ಸಿಮೆಂಟ್ ಬಳಿದು ನೈಸ್ ಮಾಡಿಟ್ಟಿದ್ರು. ಇದನ್ನ ಹೇಳಿದ್ದು ಅಲ್ಲೇ ಕೆಲಸ ಮಾಡ್ತಿದ್ದ ಗಾರೆ ಮೇಸ್ತ್ರಿ, ಐವತ್ತೈದು ದಾಟಿರೋರು. ನಾನು ಸಿಟ್ಟಲ್ಲಿ ಕಂಟ್ರಾಕ್ಟರ್ ಹತ್ರ ಹೋಗಿ "ಮೇಸ್ತ್ರಿ ಹೇಳಿದ್ರು" ಅಂದ್ಬಿಟ್ಟೆ. ಕಂಟ್ರಾಕ್ಟರ್ ಎಲ್ಲ ಆಳುಗಳ ಮುಂದೆ "ನಿಂಗ್ಯಾಕೋ ಬೇಕಿತ್ತು ಈ ಉಸಾಬರಿ" ಅಂತ ಬೈದು ಅವ್ರನ್ನ ಕಳಿಸ್ಬಿಟ್ರು, ಶನಿವಾರದ ಬಟವಾಡೆನೂ ಕೊಟ್ಟಿಲ್ಲ. ಎರಡು ದಿನದಿಂದ ನಿದ್ದೆ ಬಂದಿಲ್ಲ ನಂಗೆ. ಪಿಲ್ಲರ್ ಬಗ್ಗೆ ಏನ್ ಮಾಡ್ಲಿ, ಅವ್ರಿಗೆ ಏನ್ ಮಾಡ್ಲಿ?

ಹಾಸನದ_ಸೈಟ್_ಇಂಜಿನಿಯರ್:
ಮೊದ್ಲು ಮೋಲ್ಡ್ ನಿಲ್ಸಿ ಸಾರ್. ಹಂಗೆ ಬರೀ ಜಲ್ಲಿ ಕಾಣೋದನ್ನ ಹನಿಕೋಂಬ್ ಅಂತೀವಿ. ಹತ್ತಡಿ ಪಿಲ್ಲರ್‌ಗೆ ಮೇಲಿಂದ ಒಂದೇ ಸಲ ಕಾಂಕ್ರೀಟ್ ಸುರಿದ್ರೆ ಜಲ್ಲಿ ಬೇರೆ ಸಿಮೆಂಟ್ ಹಾಲು ಬೇರೆ ಆಗುತ್ತೆ (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 1.5 ಮೀಟರ್‌ಗಿಂತ ಎತ್ತರದಿಂದ ಬೀಳಿಸಬಾರ್ದು), ಕಾಂಕ್ರೀಟ್ ಅಲುಗಾಡಿಸಿ ಕೂರಿಸೋ ವೈಬ್ರೇಟರ್ ಸರಿಯಾಗಿ ಬಿಡದಿದ್ರೂ, ಬಾಕ್ಸ್ ಬುಡದ ಸಂದಿಯಿಂದ ಹಾಲು ಸೋರಿದ್ರೂ ಹಿಂಗೇ ಆಗೋದು. ಇದು ಆಗೋದು ಅಪರಾಧ ಅಲ್ಲ, ಒಳ್ಳೆ ಸೈಟಲ್ಲೂ ಆಗುತ್ತೆ. ಮುಚ್ಚಿಟ್ಟಿದ್ದು ಮಾತ್ರ ಮಹಾ ತಪ್ಪು. ಪಿಲ್ಲರ್ ಕಂಬಿ ಮೇಲೆ 40 ಎಂಎಂ ಕವರ್ (ಕಂಬಿ ಮುಚ್ಚೋ ಕಾಂಕ್ರೀಟ್) ಇರ್ಬೇಕು, ಇಲ್ಲಿ ಕಂಬಿನೇ ಕಾಣ್ತಿದ್ರೆ ತುಕ್ಕು ಗ್ಯಾರಂಟಿ, ಲೋಡ್ ತಗೊಳ್ಳೋ ಜಾಗನೂ ಕಮ್ಮಿ. ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿ, ಬಳಿದಿರೋದನ್ನ ಕೆತ್ತಿಸಿ ಆಳ ನೋಡ್ಸಿ. ಗಟ್ಟಿ ಕಾಂಕ್ರೀಟ್ ಸಿಗೋವರ್ಗೂ ಕೆತ್ತಿ ಮೈಕ್ರೋ ಕಾಂಕ್ರೀಟ್ (ರಿಪೇರಿಗೆ ಬಳಸೋ ಕಾಂಕ್ರೀಟ್) ತುಂಬಿಸ್ಬೋದು, ತೀರಾ ಆಳ ಇದ್ರೆ ಒಡೆದು ಮತ್ತೆ ಹಾಕ್ಬೇಕಾಗುತ್ತೆ. ಮೋಲ್ಡ್ ಭಾರ ಬಿದ್ಮೇಲೆ ಇದೆಲ್ಲ ಹತ್ತು ಪಟ್ಟು ಕಷ್ಟ.

ಯಾದಗಿರಿ_ಹುಡುಗ:
ನಮ್ಮಪ್ಪ 20 ವರ್ಷ ಬೆಂಗಳೂರಾಗ ಕಂಬಿ ಕಟ್ಯಾನ್ರಿ, ಅದಕ್ಕ ಬರೀಲಾಕತ್ತೀನಿ. ಒಂದು ಸೈಟಿನಾಗ ಇಂಜಿನಿಯರ್ ಸಾಹೇಬ್ರು "ಯಜಮಾನ್ರ, ರಿಂಗ್ ಅಂತರ ಒಮ್ಮೆ ನೋಡ್ರಿ" ಅಂತ ಕೇಳೋರು, ಅಲ್ಲಿ ಅಪ್ಪ ತಾನು ಮಾಡಿದ ತಪ್ಪೂ ತಾನ ಹೇಳ್ತಿದ್ದ. ಇನ್ನೊಂದು ಸೈಟಿನಾಗ ಮುಂಜಾನಿಂದ ಸಂಜಿತನ ಬರೀ "ಲೇ" ಅನ್ನೋದ, ಅಲ್ಲಿ ಎದುರಿಗೆ ತಪ್ಪಾದ್ರೂ ಬಾಯಿ ತಗೀತಿದ್ದಿಲ್ಲ, ತಗದ್ರ ಪಗಾರ ಹೋಗ್ತದ ಅಂತ. ಮರ್ಯಾದಿ ಅಂದ್ರ ಬರೇ ಮಾತಲ್ರಿ, ಮನಿ ಗಟ್ಟಿ ಆಗೂದೂ ಅದ್ರಾಗ ಐತಿ. ನೀವು ಆ ಹಿರೇರ ಮನಿಗೆ ಹೋಗ್ರಿ, ಹೆಸರು ಹೇಳಿದ್ದು ನಂದ ತಪ್ಪು ಅಂತ ಅನ್ರಿ. ಅವ್ರಿಗೆ ಕಾರ್ಮಿಕರ ಕಾರ್ಡ್ ಐತೇನ ಕೇಳ್ರಿ. 18ರಿಂದ 60 ವಯಸ್ಸಿನೋರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡ್ತದ, ವರ್ಷದಾಗ 90 ದಿನ ದುಡಿದ ಸರ್ಟಿಫಿಕೇಟ್ ಬೇಕು, ಅದಕ್ಕ ಸಹಿ ಹಾಕಾಕ ಕಂಟ್ರಾಕ್ಟರ್‌ಗಳು ಸತಾಯಿಸ್ತಾರ. ಮನಿ ಕಟ್ಟಿಸೋರು ಕಟ್ಟೋ 1% ಸೆಸ್ ಆ ಮಂಡಳಿಗೇ ಹೋಗೂದು, ನಿಮ್ಮ ಕಡೆ ಎಷ್ಟು ದಿನ ದುಡಿದಾರೋ ಅಷ್ಟಕ್ಕ ನೀವ ಬರದು ಕೊಡ್ರಿ.

ಸಣ್ಣ_ಕಂಟ್ರಾಕ್ಟರ್:
ನಾನೂ ಇದೇ ಫೀಲ್ಡು. ಓನರ್‌ಗಳು ಸ್ಕ್ವೇರ್ ಫೀಟ್ ರೇಟಲ್ಲಿ ಐವತ್ತು ನೂರಕ್ಕೆ ಎಳೆದಾಡ್ತಾರೆ, ಆಮೇಲೆ ಬಿಲ್ ಕೊಡೋಕೆ ತಿಂಗಳು ಓಡಾಡಿಸ್ತಾರೆ, ಇದೂ ನಿಜ, ಬೇಜಾರ್ ಮಾಡ್ಕೋಬೇಡಿ. ಆದ್ರೆ ಆಳುಗಳ ಬಟವಾಡೆ ಹಿಡಿಯೋಕೆ ಅದು ಕಾರಣನೇ ಅಲ್ಲ, ಅವ್ರ ಮನೇಲಿ ಭಾನುವಾರದ ರೇಷನ್ನು ಅದೇ. ನಿಮ್ಮ ಹತ್ರ ಇನ್ನೂ ಕೊಡ್ಬೇಕಾದ ದುಡ್ಡಿದ್ರೆ ಅದ್ರಲ್ಲಿ ಹಿಡಿದು ನೇರ ಮೇಸ್ತ್ರಿಗೇ ಕೊಡಿ, ಕಂಟ್ರಾಕ್ಟರ್‌ಗೆ ಹೇಳಿಯೇ ಕೊಡಿ. ಮುಂದೆ ಬಾಕ್ಸ್ ಬಿಚ್ಚೋ ದಿನ ನೀವೋ ಇಂಜಿನಿಯರೋ ಇಲ್ದೆ ಯಾರೂ ಸಿಮೆಂಟ್ ಮುಟ್ಟಬಾರ್ದು ಅಂತ ಅಗ್ರಿಮೆಂಟಲ್ಲಿ ಬರೆಸಿ.

ತುಮಕೂರು_ಮನೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇಂಜಿನಿಯರ್ ಬಂದು ಕೆತ್ತಿಸಿದ್ರು, ಒಂದು ಪಿಲ್ಲರಲ್ಲಿ ಅಂಗೈ ಹೋಗೋಷ್ಟು ಟೊಳ್ಳಿತ್ತು. ನಿನ್ನೆ ಮೇಸ್ತ್ರಿ ಮನೆಗೆ ಹೋಗಿ ಕ್ಷಮೆ ಕೇಳ್ದೆ, ಬಟವಾಡೆ ಕೊಟ್ಟೆ, ಅವರ ಮನೆಯವರು ಕಾಫಿ ಕೊಟ್ರು. ಇವತ್ತು ಸೈಟಿಗೆ ಬಂದಿದ್ರು. ಆ ಎರಡು ಪಿಲ್ಲರ್ ಹತ್ರ ಹೋಗ್ಲೇ ಇಲ್ಲ, ಸೀದಾ ಹಿಂದಿನ ಮೂಲೆ ಪಿಲ್ಲರ್ ಹತ್ರ ಹೋಗಿ ನಿಂತು "ಇದನ್ನೂ ನೋಡ್ಸಿ ಸಾರ್, ಅವತ್ತು ಹೇಳೋಕೆ ಧೈರ್ಯ ಬರ್ಲಿಲ್ಲ" ಅಂದ್ರು. ನಾಳೆ ಅದನ್ನ ಕೆತ್ತಿಸ್ತಾ ಇದೀವಿ. ಮೋಲ್ಡ್ ಸದ್ಯಕ್ಕಿಲ್ಲ.