ಎಲ್ಲಕ್ಕಿಂತ ದೊಡ್ಡ ಒಂಟಿ ಸೀಟಿನ ರೇಸ್ ಕಾರು ಯಾವುದು? ಪ್ರದರ್ಶನಕ್ಕ ಒಂದ ಆರಿಸಬೇಕಾಗೇತಿ

ಕುಂದಾ_ಟರ್ಬೊ (ಬೆಳಗಾವಿ):
ಕಾಲೇಜಿನ ಮೆಕ್ಯಾನಿಕಲ್ ಪ್ರದರ್ಶನದಾಗ ಒಂದು ಟೇಬಲ್ ನಮ್ಮ ಪಾಲಿಗೆ ಬಂದೈತಿ. ಒಂದ ಕಾರು ಆರಿಸಿ, ಅದು ಯಾಕ ದೊಡ್ಡದು ಅನ್ನೋದನ್ನ ನಡಿಯೋ ಮಾಡೆಲ್‌ನಿಂದ ತೋರಿಸಬೇಕು. ಗುಂಪಿನಾಗ ಮೂರು ಪಕ್ಷ ಆಗ್ಯಾವ, ಮೂರೂ ಫಾರ್ಮುಲಾ ಒನ್ ಕಾರು: 1988ರ ಮೆಕ್‌ಲಾರೆನ್ ಎಂಪಿ4/4 (16 ರೇಸಿನಾಗ 15 ಗೆಲುವು), 1992ರ ವಿಲಿಯಮ್ಸ್ ಎಫ್‌ಡಬ್ಲ್ಯೂ14ಬಿ, 2023ರ ರೆಡ್ ಬುಲ್ ಆರ್‌ಬಿ19 (22ರಾಗ 21). ಶೇಕಡಾ ನೋಡಿ ಆರ್‌ಬಿ19 ಅಂದು ಮುಗಿಸಿಬಿಡೂಣೋ? ಬಜೆಟ್ ಮೂರು ಸಾವಿರ. ಲೇಥ್, ಡ್ರಿಲ್ ಉದ್ಯಮಬಾಗದಾಗ ಸಿಗತಾವ.

ಗುಮ್ಮಟ_ವಿ8 (ವಿಜಯಪುರ):
ಶೇಕಡಾ ಹಿಡದ್ರ ಆರ್‌ಬಿ19 ಭೀ ಸೋಲ್ತದರಿ. 1950ರಾಗ ಇಂಡಿಯಾನಾಪೊಲಿಸ್ ಬಿಟ್ಟು ಚಾಂಪಿಯನ್‌ಷಿಪ್ಪಿನ ಉಳಿದ ಆರೂ ರೇಸು ಆಲ್ಫಾ ರೋಮಿಯೊ 158ರ ವಂಶದ್ದೇ ಗೆದ್ದದ. ಚಾಲಕರಾಗ ಫರೀನಾ ಮೂರು, ಫಾಂಜಿಯೊ ಮೂರು. ನೂರಕ್ಕ ನೂರು! ಆದ್ರ ಅದು ಯುದ್ಧಕ್ಕಿಂತ ಮೊದಲಿನ ವಿನ್ಯಾಸ, ಎದುರಿಗೆ ಗಟ್ಟಿ ಆಳೇ ಇರಲಿಲ್ಲ. ಖಾಲಿ ಕಣದಾಗ ಕುಸ್ತಿ ಗೆದ್ದಂಗ.

ಎಂಪಿ4/4 ಹಂಗಲ್ಲ. ಆ ವರ್ಷ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕೂ ಯಂತ್ರ) ಇದ್ದ ಕಾರುಗಳನ್ನ ನಿಯಮದಿಂದಲೇ ಕಟ್ಟಿಹಾಕಿದ್ರು. ಬೂಸ್ಟ್, ಅಂದ್ರ ಆ ಗಾಳಿಯ ಒತ್ತಡ, 4 ಬಾರ್ ಇದ್ದದ್ದು 2.5ಕ್ಕ ಇಳೀತು, ರೇಸಿಗೆ ಪೆಟ್ರೋಲ್ 195 ಲೀಟರಿನಿಂದ 150ಕ್ಕ. ಟರ್ಬೊ ಇಲ್ಲದ 3.5 ಲೀಟರ್ ಕಾರಿಗೆ ಪೆಟ್ರೋಲ್ ಮಿತಿ ಇಲ್ಲ, ಕನಿಷ್ಠ ತೂಕ ಭೀ 40 ಕೆಜಿ ಕಡಿಮಿ. ಅದಕ್ಕ ಬರೇ ಕುದುರೆಶಕ್ತಿ ಸಾಲೂದಿಲ್ಲ, ಒಂದೊಂದು ಹನಿಯಿಂದ ಎಷ್ಟು ಕೆಲಸ ತೆಗಿತೀರಿ ಅನ್ನೋದ ಲೆಕ್ಕ. ಎಂಪಿ4/4ರ ಎಂಜಿನ್ ಮಾಡಿದ ಹೋಂಡಾದವರು ಇಂಧನದಾಗ ಟಾಲ್ವೀನ್ ನೂರಕ್ಕ 84 ಪಾಲು ಹಾಕಿದ್ರು, ಬಾಕಿ ಹೆಪ್ಟೇನ್. ಟಾಲ್ವೀನ್ ನಾಕಿಂಗ್ (ಇಂಧನ ಎಂಜಿನ್ನಾಗ ತಾನ ತಾನ ಸಿಡಿಯೂದು) ತಡೀತದ, ಆದ್ರ ಸುಲಭಕ್ಕ ಆವಿ ಆಗೂದಿಲ್ಲ. ಅದಕ್ಕ ಎಂಜಿನ್ನಿಗೆ ಹೋಗೂಕ್ಕಿಂತ ಮೊದಲ ಇಂಧನ ಬಿಸಿ ಮಾಡ್ತಿದ್ರು. ಸೋತದ್ದು ಇಟಲಿಯ ಮೊಂಜಾದಾಗ ಒಂದೇ: ಅದರ ಇಬ್ಬರು ಚಾಲಕರಾಗ ಪ್ರಾಸ್ಟ್‌ನ ಎಂಜಿನ್ ಹೋಯ್ತು, ಸೆನ್ನಾ ಸುತ್ತು ಹಿಂದ ಬಿದ್ದಿದ್ದ ಕಾರನ್ನ ದಾಟೂವಾಗ ವಿಲಿಯಮ್ಸ್‌ನ ಷ್ಲೆಸರ್‌ಗೆ ತಾಗಿ ನಿಂತ.

ನನ್ನ ಮತ ಎಂಪಿ4/4ಕ್ಕ. ಆದ್ರ ಇದನ್ನ ಟೇಬಲ್ ಮ್ಯಾಲ ಏನಂತ ತೋರಸ್ತೀರಿ? ಬಾಟಲಿಯಾಗ ಟಾಲ್ವೀನ್ ಇಟ್ಟು ಕುಂದರಬ್ಯಾಡ್ರಿ, ಬೆಂಕಿ ಹತ್ತೂ ಮಾಲು.

ಘಟಪ್ರಭಾ_ಗೇರ್ (ಬಾಗಲಕೋಟಿ):
ಗೆದ್ದದ್ದು ಎಷ್ಟು ಅನ್ನೂದಕ್ಕಿಂತ, ಮುಂದಿನ ವರ್ಷ ಉಳಿದವರು ಏನು ನಕಲು ಮಾಡಿದ್ರು ಅಂತ ನೋಡ್ರಿ. ಆ ಅಳತಿ ಹಿಡದ್ರ ಬಾಯಿಗೆ ಬರೂದು ಲೋಟಸ್. 1962ರ ಲೋಟಸ್ 25 ಪೈಪಿನ ಹಂದರ ಬಿಟ್ಟು ಮೊನೊಕಾಕ್‌ಗೆ (ಹೊದಿಕೆಯೇ ಭಾರ ಹೊರೂ ಪೆಟ್ಟಿಗಿ) ಬಂತು. 1967ರ ಲೋಟಸ್ 49ರಾಗ ಎಂಜಿನ್ನನ್ನ ಚಾಸಿಯೊಳಗ ಕುಂದರಿಸಲೇ ಇಲ್ಲ, ಎಂಜಿನ್ನೇ ಚಾಸಿ. ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನಿನ ಬ್ಲಾಕನ್ನ ಚಾಲಕನ ಬೆನ್ನಿನ ಗೋಡೆಗೆ ಕೆಳಗ ಎರಡು ಬೋಲ್ಟ್, ಮ್ಯಾಲ ಕ್ಯಾಮ್ ಕವರಿನ ಹತ್ರ ತೆಳು ಪಟ್ಟಿಗಳಿಂದ ಬಿಗಿದಿದ್ರು. ಪಟ್ಟಿ ತೆಳು ಯಾಕಂದ್ರ ಅಲ್ಯೂಮಿನಿಯಂ ಎಂಜಿನ್ ಬಿಸಿ ಆಗಿ ಹಿಗ್ಗಿದಾಗ ಅದು ಬಾಗಬೇಕು, ಇಲ್ಲಂದ್ರ ಹಿಡಿದ ಜಾಗಾ ಸೀಳತೈತಿ. ಬೆಳಗಾವಿ ಫೌಂಡ್ರಿಯವರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ.

ಆದ್ರ ಲೋಟಸ್ಸಿನ ಇನ್ನೊಂದು ಮುಖಾನೂ ಹೇಳಬೇಕು. ಲೋಟಸ್ 72 ಕಾರಿನಾಗ ಮುಂದಿನ ಬ್ರೇಕ್ ಡಿಸ್ಕನ್ನ ಗಾಲಿಯಿಂದ ತೆಗೆದು ಒಳಗ ಇಟ್ರು, ಗಾಲಿಯ ತೂಕ ಇಳೀಲಿ ಅಂತ. ಹಂಗ ಮಾಡಿದ್ರ ಬ್ರೇಕಿನ ಪೂರಾ ತಿರುಚು ಬಲ ನಡುವಿನ ಶಾಫ್ಟ್ ಮ್ಯಾಲ ಬೀಳತೈತಿ. 1970ರ ಸೆಪ್ಟೆಂಬರಿನಾಗ ಮೊಂಜಾ ಅಭ್ಯಾಸದಾಗ ಲೋಟಸ್ ಚಾಲಕ ರಿಂಟ್‌ನ ಬಲಗಡೆ ಮುಂದಿನ ಶಾಫ್ಟ್ ಮುರೀತು, ಅಂವ ಸತ್ತ. ಆ ವರ್ಷದ ಚಾಂಪಿಯನ್ ಅಂವನ.

ಪ್ರದರ್ಶನಕ್ಕ 1978ರ ಲೋಟಸ್ 79 ಇಡ್ರಿ. ಗೆದ್ದದ್ದು ಆರೇ ರೇಸು. ಆದ್ರ ಬಾಜೂಕಿನ ಪಾಡ್‌ನ (ಕಾರಿನ ಬದಿಯ ಪೆಟ್ಟಿಗಿ) ತಳ ಕಾರನ್ನ ನೆಲಕ್ಕ ಎಳಿಯೋ ತಲೆಕೆಳಗಾದ ರೆಕ್ಕಿ, ಅಂಚಿನಾಗ ಹೊರಗಿನ ಗಾಳಿ ತಡಿಯಾಕ ನೆಲಕ್ಕ ತಾಗೋ ಜಾರು ಪಟ್ಟಿ, ಅಂದ್ರ ಸ್ಕರ್ಟ್; ಇದನ್ನ ನೋಡಿ 1979ರಾಗ ವಿಲಿಯಮ್ಸ್ ಎಫ್‌ಡಬ್ಲ್ಯೂ07 ಎಷ್ಟು ಚಲೋ ಮಾಡಿತು ಅಂದ್ರ ಆ ವರ್ಷ ಲೋಟಸ್ಸಿಗೆ ಒಂದ ರೇಸೂ ಸಿಗಲಿಲ್ಲ. 1981ಕ್ಕ ಜಾರು ಸ್ಕರ್ಟ್ ಬಂದ್, 1983ಕ್ಕ ಚಪ್ಪಟೆ ತಳ ಕಡ್ಡಾಯ. 2022ರಾಗ ತಳದ ಸುರಂಗಕ್ಕ ಮತ್ತ ಪರವಾನಗಿ ಸಿಕ್ತು. ನಿಮ್ಮ ಆರ್‌ಬಿ19 ಅದರ ಮೊಮ್ಮಗ!

ಕುಂದಾ_ಟರ್ಬೊ:
ಲೋಟಸ್ 79 ಒಪ್ಪಿಗಿ ಆತು. ಎಫ್‌ಡಬ್ಲ್ಯೂ14ಬಿ ಪಕ್ಷದವ್ರು ಆಕ್ಟಿವ್ ಸಸ್ಪೆನ್ಷನ್ (ಕಾರಿನ ಎತ್ತರ ಕಂಪ್ಯೂಟರ್ ಸರಿಮಾಡೂದು) ಅಂತ ಇನ್ನೂ ಗೊಣಗತಾರ. ಗ್ರೌಂಡ್ ಎಫೆಕ್ಟ್, ಅಂದ್ರ ತಳದ ಗಾಳಿ ಕಾರನ್ನ ನೆಲಕ್ಕ ಎಳಿಯೂದು, ಕಣ್ಣಿಗೆ ಕಾಣೂ ಹಂಗ ಹೆಂಗ ಮಾಡೂದು?

ಘಟಪ್ರಭಾ_ಗೇರ್:
ಆಕ್ಟಿವ್ ಸಸ್ಪೆನ್ಷನ್ ಮಾಡಾಕ ಪಂಪು, ಸರ್ವೊ ವಾಲ್ವು ಬೇಕು. ಮೂರು ಸಾವಿರದಾಗ ಆಗೂದಿಲ್ಲ, ಬಿಡ್ರಿ.

ಪೂರಾ ಕಾರು ಮಾಡಬ್ಯಾಡ್ರಿ, ಒಂದ ಪಾಡ್‌ನ ಸುರಂಗ ಸಾಕು. ನೆಲಕ್ಕ ಪ್ಲೈವುಡ್, ಎರಡೂ ಬದಿಗೆ 4 ಮಿಮೀ ಅಕ್ರಿಲಿಕ್, ಅದ ನಿಮ್ಮ ಸ್ಕರ್ಟ್. ಒಳ ಅಗಲ 100 ಮಿಮೀ. ಮ್ಯಾಲಿನ ತಳ ಸನ್‌ಬೋರ್ಡಿನಾಗ ಕೊರೀರಿ: ಬಾಯಿ 40 ಮಿಮೀ ಎತ್ತರ, ನಡುವಿನ ಕುತ್ತಿಗಿ 20, ಹಿಂದ ಮತ್ತ 40. ಹಿಂದಿನ ಏರು 7 ಡಿಗ್ರಿ ಇರಲಿ, ಅಂದ್ರ ಉದ್ದ ಸುಮಾರು 165 ಮಿಮೀ. ಜಾಗಾ ಉಳಸಾಕ 15 ಡಿಗ್ರಿ ಮಾಡಿದ್ರ ಗಾಳಿ ಗೋಡಿ ಬಿಟ್ಟು ಸುಳಿ ಹೊಡಿತೈತಿ.

ಬ್ಲೋವರಿನಿಂದ ಊದಬ್ಯಾಡ್ರಿ, ಹಿಂದಿನಿಂದ ಎಳೀರಿ. ಊದಿದ ಗಾಳಿ ತಿರುವಿಕೊಂಡ ಬರತೈತಿ. ಬಾಯಾಗ ಸೆಕೆಂಡಿಗೆ 10 ಮೀಟರ್ ವೇಗ ಬೇಕಂದ್ರ ನಿಮಿಷಕ್ಕ 2.4 ಘನ ಮೀಟರ್ ಎಳಿಬೇಕು. ಎಕ್ಸಾಸ್ಟ್ ಫ್ಯಾನ್ ಈ ಒತ್ತಡ ತಡಿಯೂದಿಲ್ಲ. ಕುಲುಮಿ ಬ್ಲೋವರ್ ತರ್ರಿ. ಕುತ್ತಿಗಿಯಾಗ ವೇಗ 20 ಆಗತೈತಿ, ಒತ್ತಡ ಬಾಯಿಗಿಂತ 180 ಪಾಸ್ಕಲ್ ಇಳಿತೈತಿ, ನೀರಿನ ಲೆಕ್ಕದಾಗ 18 ಮಿಮೀ.

ಅಳಿಯಾಕ ಬಣ್ಣದ ನೀರು ಹಾಕಿ ಯು ಆಕಾರಕ್ಕ ಬಗ್ಗಿಸಿದ ಸಲೈನ್ ಪೈಪು, ಅದರ ಒಂದೊಂದು ತುದಿ ಒಂದೊಂದು ತೂತಿಗೆ. ಬಾಯಿಗೆ ಒಂದು, ಕುತ್ತಿಗಿಗೆ ಒಂದು 1 ಮಿಮೀ ತೂತು, ನೇರ ಕೊರೆದು ಬರ್ (ತೂತಿನ ಅಂಚಿನಾಗ ಏಳೂ ಚೂಪು ಸಿಪ್ಪಿ) ಪೂರಾ ತಿಕ್ಕಿ ತೆಗೀರಿ. ಬರ್ ಉಳೀತಂದ್ರ ರೀಡಿಂಗ್ ಸುಳ್ಳು. ಬಣ್ಣದ ನೀರಿಗೆ ಒಂದ ಹನಿ ಪಾತ್ರೆ ತೊಳಿಯೋ ಸೋಪು, ಪೈಪಿಗೆ ಅಂಟಬಾರದಂತ. ಪೈಪನ್ನ 30 ಡಿಗ್ರಿ ಓರೆ ಇಟ್ರ 18 ಮಿಮೀ ಅನ್ನೂದು 36 ಆಗಿ ಕಾಣತೈತಿ. ದೂರ ನಿಂತವರಿಗೂ ತಿಳಿತೈತಿ.

ಗುಮ್ಮಟ_ವಿ8:
ಒಂದು ಸೇರಸ್ತೀನಿ. ಸುರಂಗದ ಬಾಯಿಯ ತೂತಿಗೆ ಹಾಕೂ ತುದಿ ರೂಮಿನ ಗಾಳಿಗೆ ಬಿಟ್ರ, ಪೈಪು ನೆಟ್ಟಗಿದ್ದಾಗ 18ರ ಬದ್ಲಿ 24 ಮಿಮೀ ತೋರಸ್ತದ, ಯಾಕಂದ್ರ ಬಾಯಾಗೂ ಒತ್ತಡ ಮೊದಲ ಇಳಿದಿರ್ತದ. ಲೆಕ್ಕ ತಪ್ಪೇತಿ ಅಂತ ಹುಡುಗ್ರು ಗಾಬರಿ ಆಗ್ತಾರ.

ಅಕ್ರಿಲಿಕ್ ಬದಿಗಳನ್ನ ಅಂಟಿಸಬ್ಯಾಡ್ರಿ, ಕೊರೆದ ತೋಡಿನಾಗ ಜಾರಿಸ್ರಿ. ಎಲ್ಲಾರ ಎದುರಿಗೆ 5 ಮಿಮೀ ಮ್ಯಾಲ ಎತ್ತಿ ತೋರಸ್ರಿ. ಸಂದಿನಿಂದ ಗಾಳಿ ಒಳಗ ನುಗ್ಗಿ ನೀರು ಸರ್ರನ ಕೆಳಗ ಬೀಳ್ತದ. ತಿರುವಿನಾಗ ಸ್ಕರ್ಟ್ ಮ್ಯಾಲ ಸಿಕ್ಕಿಕೊಂಡಾಗ ಚಾಲಕನಿಗೆ ಆಗ್ತಿದ್ದದ್ದು ಇದ: ಹಿಡಿತ ಒಮ್ಮಿಂದೊಮ್ಮೆ ಮಾಯ. ತೋಡು ಅರ್ಧ ಮಿಮೀ ಸಡಿಲ ಇಡ್ರಿ, ಇಲ್ಲಂದ್ರ ನಿಮ್ಮ ಸ್ಕರ್ಟ್ ಭೀ ಅಲ್ಲೇ ಸಿಗಿಬೀಳ್ತದ.